ದಮ್ಮಿನ ದೂರು ಯಾರ ಮೇಲೆ?

ಭದ್ರಾವತಿಯಲ್ಲಿ ದಮ್ಮಿಗೆ ಕಾರಣ ಏನೆಂದು ಕೇಳಿದರೆ ಬಡಾವಣೆಗೊಂದು ಉತ್ತರ ಸಿಗುತ್ತದೆ. ನ್ಯೂಟೌನಿನ ಹಳೆಯ ಕ್ವಾರ್ಟರ್ಸಿನವರು ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಕಡೆ ಕೈ ತೋರಿಸುತ್ತಾರೆ. ಕಾಗದನಗರದವರಿಗೆ, ಅಂದರೆ ಊರವರ ಬಾಯಲ್ಲಿ ಪೇಪರ್ ಟೌನಿನವರಿಗೆ, ಎಂಪಿಎಂ ಕಾಗದ ಕಾರ್ಖಾನೆಯ ವಾಸನೆ ಇನ್ನೂ ಮೂಗಿನಲ್ಲಿದೆ. ಬಿ.ಎಚ್. ರಸ್ತೆಯ ಅಂಗಡಿಯವರು ಲಾರಿ ಹೊಗೆಯನ್ನು ಬಯ್ಯುತ್ತಾರೆ, ನಾಲೆ ಬಯಲಿನ ಭತ್ತದ ಊರಿನವರು ಒಕ್ಕಣೆಯ ಧೂಳನ್ನು. ಶಿವಮೊಗ್ಗ ದಾಟಿ ತೀರ್ಥಹಳ್ಳಿ, ಹೊಸನಗರದ ಕಡೆ ಹೊರಟರೆ ಆರೋಪಿ ಅಕೇಶಿಯಾ. ಖಾಲಿ ಸೈಟುಗಳ ಮಧ್ಯೆ ಮನೆ ಕಟ್ಟಿಕೊಂಡವರಿಗೆ ಕಾಂಗ್ರೆಸ್ ಗಿಡ. ಇಷ್ಟನ್ನೂ ಕೇಳಿಸಿಕೊಂಡ ಮನೆಯ ಹಿರಿಯರು, "ಅದೆಲ್ಲ ಏನಲ್ಲ, ರಾತ್ರಿ ಹೊತ್ತು ಬಾಳೆಹಣ್ಣು ತಿಂದಿದ್ದು" ಎಂದು ತೀರ್ಪು ಕೊಟ್ಟು ಎದ್ದು ಹೋಗುತ್ತಾರೆ.

ಈ ಆರೋಪಿಗಳಲ್ಲಿ ಒಬ್ಬ ಈಗ ಸ್ಥಳದಲ್ಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1923ರಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಶುರು ಮಾಡಿದ ವಿಶ್ವೇಶ್ವರಯ್ಯನವರ ಕಾರ್ಖಾನೆಯೂ ಮೊದಲಿನ ಹಾಗೆ ಹೊಗೆ ಉಗುಳುತ್ತಿಲ್ಲ. ಚಿಮಣಿಗಳು ತಣ್ಣಗಾದವು, ಮೆಡಿಕಲ್ ಶಾಪಿಗೆ ಬಂದು ದಮ್ಮಿಗೆ ಸೇದುವ ಪಂಪು ಕೇಳುವವರು ಇದ್ದೇ ಇದ್ದಾರೆ. ಹಾಗೆಂದು ಕಾರ್ಖಾನೆ ನಿರ್ದೋಷಿ ಎಂದು ನಾನು ವಕಾಲತ್ತು ವಹಿಸುತ್ತಿಲ್ಲ. ಒಬ್ಬನೇ ಆರೋಪಿಯನ್ನು ಹಿಡಿದು ಕಟಕಟೆಗೆ ನಿಲ್ಲಿಸುವ ನಮ್ಮ ಆತುರದಲ್ಲಿ ರೋಗ ಇರುವ ಜಾಗವೇ ಕಣ್ಣು ತಪ್ಪಿಹೋಗುತ್ತದೆ ಎನ್ನುವುದಷ್ಟೇ ನನ್ನ ತಕರಾರು. ಆ ಜಾಗ ಶ್ವಾಸನಾಳದ ಒಳಗೋಡೆ. ವಿಜ್ಞಾನಿಗಳೂ ಮೊದಲು ಹೊರಗಿನ ಆರೋಪಿಯನ್ನೇ ಹುಡುಕಿದರು. ಒಳಗೋಡೆಯ ಕಡೆ ತಿರುಗಲು ಅವರಿಗೂ ಬಹಳ ಕಾಲ ಹಿಡಿಯಿತು.

ಮೀನಿನಿಂದ ಶುರುವಾದ ಕಥೆ

1921ರಲ್ಲಿ ಆಗಿನ ಜರ್ಮನಿಯ ಬ್ರೆಸ್ಲೌ ನಗರದ ಇಬ್ಬರು ವೈದ್ಯರು ಒಂದು ವಿಚಿತ್ರ ಪ್ರಯೋಗ ಮಾಡಿದರು. ಅವರಲ್ಲಿ ಹೈಂಜ್ ಕ್ಯುಸ್ಟ್ನರ್ ಎಂಬುವರಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಂ ತೆಗೆದು ಇನ್ನೊಬ್ಬರು, ಕಾರ್ಲ್ ಪ್ರೌಸ್ನಿಟ್ಸ್, ತಮ್ಮ ಚರ್ಮದೊಳಗೆ ಚುಚ್ಚಿಸಿಕೊಂಡರು. ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಚರ್ಮ ಕೆಂಪಗೆ ಬಾತುಕೊಂಡಿತು. ಮೀನು ತಿಂದು ಯಾವ ತೊಂದರೆಯನ್ನೂ ಕಾಣದ ಮನುಷ್ಯನ ಚರ್ಮಕ್ಕೆ ಸ್ನೇಹಿತನ ಅಲರ್ಜಿ ಬಂದಿತ್ತು. ರಕ್ತದಲ್ಲಿ ಏನೋ ಒಂದು ಇದೆ, ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ ಎನ್ನುವುದು ಖಚಿತವಾಯಿತು. ಆ 'ಏನೋ ಒಂದು' ಕೈಗೆ ಸಿಕ್ಕಿದ್ದು 45 ವರ್ಷಗಳ ನಂತರ. ಅಮೆರಿಕದ ಡೆನ್ವರ್‌ನಲ್ಲಿ ಇಶಿಝಾಕಾ ದಂಪತಿ 1966ರಲ್ಲಿ, ಸ್ವೀಡನ್ನಿನ ಉಪ್ಸಾಲಾದಲ್ಲಿ ಯೋಹಾನ್ಸನ್ ಮತ್ತು ಬೆನಿಕ್ 1967ರಲ್ಲಿ ಬೇರೆಬೇರೆಯಾಗಿ ಅದೇ ಪ್ರತಿಕಾಯವನ್ನು ಕಂಡರು. 1968ರಲ್ಲಿ ಅದಕ್ಕೆ ಐಜಿಇ ಎಂದು ಹೆಸರಾಯಿತು. ಇವತ್ತು ಶಿವಮೊಗ್ಗದ ಲ್ಯಾಬುಗಳ ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಇದೇ ಹೆಸರು.

ಐಜಿಇ ಮಾಡುವ ಕೆಲಸ ಸರಳ. ಉಸಿರಿನ ದಾರಿಯ ಗೋಡೆಯಲ್ಲಿ ಮಾಸ್ಟ್ ಕೋಶಗಳಿರುತ್ತವೆ. ಅವುಗಳ ಮೈಮೇಲೆ ಐಜಿಇ ಅಂಟಿಕೊಂಡು ಕಾಯುತ್ತದೆ. ತನಗೆ ಗುರುತಿರುವ ಪರಾಗವೋ, ಧೂಳುನುಸಿಯ ಹಿಕ್ಕೆಯೋ ಬಂದು ತಾಗಿದ ಕೂಡಲೇ ಮಾಸ್ಟ್ ಕೋಶ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಸುರಿಯುತ್ತದೆ. ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಎದೆ ಗೊರಗೊರ ಅನ್ನತೊಡಗುತ್ತದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು. ಮೊದಲ ಬಿಗಿತ ಒಂದೆರಡು ಗಂಟೆಯಲ್ಲಿ ಸಡಿಲವಾಗುತ್ತದೆ. ರೋಗಿ "ಆರಾಮಾಯ್ತು" ಅನ್ನುತ್ತಾನೆ. ನಾಲ್ಕರಿಂದ ಎಂಟು ಗಂಟೆಗಳ ನಂತರ ಎರಡನೆಯ ಅಲೆ ಬರುತ್ತದೆ. ಈ ಸಲ ಬರುವುದು ರಕ್ತದಿಂದ ಶ್ವಾಸನಾಳಕ್ಕೆ ನುಗ್ಗುವ ಬಿಳಿ ರಕ್ತಕಣಗಳು, ಮುಖ್ಯವಾಗಿ ಇಯೊಸಿನೊಫಿಲ್‌ಗಳು. ಅವು ಬಂದರೆ ಬೇಗ ಹೋಗುವುದಿಲ್ಲ. ಒಳಗೋಡೆಯನ್ನು ಕೆರೆದು ಹಾಕುತ್ತವೆ, ಗೋಡೆ ಎಷ್ಟು ಮುಂಗೋಪಿಯಾಗುತ್ತದೆಂದರೆ ಆಮೇಲೆ ಕೆಲವು ದಿನ ತಂಪು ಗಾಳಿ, ಊದುಬತ್ತಿ, ಒಗ್ಗರಣೆಯ ಘಾಟು, ಕೊನೆಗೆ ಜೋರು ನಗು ಕೂಡ ಸಾಕು. ಸಂಜೆ ಏನೋ ತಾಗಿದ್ದಕ್ಕೆ ನಡುರಾತ್ರಿ ಎದ್ದು ಕೂತು ಉಸಿರೆಳೆಯುವವರು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡುವವರು, ರಾತ್ರಿ ಊಟದ ಬಾಳೆಹಣ್ಣನ್ನು ಶಪಿಸುವುದು ಇದೇ ಕಾರಣಕ್ಕೆ. ಉಸಿರಾಟದ ನಾಳಗಳು ಬೆಳಗಿನ ಜಾವ ಸಹಜವಾಗಿಯೇ ಸ್ವಲ್ಪ ಕಿರಿದಾಗುತ್ತವೆ, ಅದೂ ಸೇರಿಕೊಳ್ಳುತ್ತದೆ. ಬಾಳೆಹಣ್ಣಿಗೆ ಸುಮ್ಮನೆ ಕೆಟ್ಟ ಹೆಸರು.

ಕಾಂಗ್ರೆಸ್ ಗಿಡದ ಎರಡು ಮುಖ

ಈ ವಿಜ್ಞಾನದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ, ಅದು ಬಂದಿದ್ದು ನಮ್ಮ ರಸ್ತೆ ಬದಿಯ ಕಳೆಯಿಂದ. 1950ರ ದಶಕದಲ್ಲಿ ಪುಣೆಯ ಹತ್ತಿರ ಮೊದಲು ಗಮನಕ್ಕೆ ಬಂದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಕೆಲವೇ ವರ್ಷಗಳಲ್ಲಿ ಕರ್ನಾಟಕವನ್ನು ಆವರಿಸಿತು. ಆಮದು ಗೋಧಿಯ ಜೊತೆ ಬಂತೆಂದು ಎಲ್ಲರೂ ಹೇಳುತ್ತಾರೆ. 1975ರಲ್ಲಿ ರಾಜ್ಯ ಸರ್ಕಾರ ಕಾನೂನಿನ ಮೂಲಕವೇ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. 1984ರಲ್ಲಿ ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಇದರ ಮೇಲೆ ಬಿಟ್ಟರು. ಮಳೆಗಾಲದಲ್ಲಿ ಎಲೆಗಳನ್ನು ಜರಡಿ ಮಾಡುವ ಆ ಪಟ್ಟೆಪಟ್ಟೆ ಹುಳವನ್ನು ಈಗ ಭದ್ರಾವತಿಯ ರೈಲ್ವೆ ಹಳಿಯ ಪಕ್ಕದಲ್ಲೂ ನೋಡಬಹುದು. ಹುಳ ತಿಂದಷ್ಟೂ ಗಿಡ ಮತ್ತೆ ಬರುತ್ತದೆ, ಆ ಮಾತು ಬೇರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಅವರ ತಂಡ 1970ರ ದಶಕದ ಕೊನೆಯಿಂದ ಈ ಗಿಡದ ಹಿಂದೆ ಬಿದ್ದಿತು. ಅವರು ನೋಡಿದ್ದು ಎರಡು ಬೇರೆ ರೋಗಗಳು. ಗಿಡ ಕೀಳುವ, ಹೊಲದಲ್ಲಿ ಕೆಲಸ ಮಾಡುವ ಜನರಿಗೆ ಕತ್ತು, ಕೈ, ಕಣ್ಣುರೆಪ್ಪೆಯ ಮೇಲೆ ಏಳುವ ಕಜ್ಜಿಗೆ ಕಾರಣ ಗಿಡದಲ್ಲಿರುವ ಪಾರ್ಥೆನಿನ್ ಎಂಬ ಸಣ್ಣ ಅಣು. ಅದಕ್ಕೆ ಕೆರಳುವುದು ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು; ಐಜಿಇಗೆ ಅಲ್ಲಿ ಕೆಲಸವಿಲ್ಲ, ತುರಿಕೆ ಕಾಣಿಸಿಕೊಳ್ಳಲು ಒಂದೆರಡು ದಿನ ಬೇಕು. ಅದೇ ಗಿಡದ ಪರಾಗ ಮೂಗಿಗೆ ಹೋದರೆ ಕೆರಳುವುದು ಐಜಿಇ. ಸೀನು ಶುರುವಾಗಲು ನಿಮಿಷಗಳು ಸಾಕು. ಒಂದೇ ಕಳೆ, ದೇಹದ ಎರಡು ಬೇರೆ ಸೈನ್ಯಗಳನ್ನು ಎಬ್ಬಿಸುತ್ತದೆ.

1991ರಲ್ಲಿ ಈ ತಂಡ ಪ್ರಕಟಿಸಿದ ಅಂಕಿಗಳು ಈಗ ಓದಿದರೂ ತಡೆದು ನಿಲ್ಲಿಸುತ್ತವೆ. ಮೂಗಿನ ಅಲರ್ಜಿಯ ರೋಗಿಗಳಲ್ಲಿ ಶೇ 34, ಅಸ್ತಮಾ ರೋಗಿಗಳಲ್ಲಿ ಶೇ 12 ಮಂದಿಯ ಚರ್ಮ ಪಾರ್ಥೇನಿಯಂ ಪರಾಗಕ್ಕೆ ಪ್ರತಿಕ್ರಿಯಿಸಿತು. ಬೆಂಗಳೂರಿನಲ್ಲಿ ಯಾದೃಚ್ಛಿಕವಾಗಿ ಆಯ್ದು ನೋಡಿದಾಗ ಈ ಪರಾಗಕ್ಕೆ ದೇಹ ಸಂವೇದಿಯಾಗಿದ್ದವರು ಶೇ 40ಕ್ಕೂ ಹೆಚ್ಚು. ನಿಜಕ್ಕೂ ಅದರಿಂದ ಸೀನುತ್ತಿದ್ದವರು ಶೇ 7. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು. ರಕ್ತದಲ್ಲಿ ಐಜಿಇ ಇದ್ದ ಮಾತ್ರಕ್ಕೆ ರೋಗ ಇದೆ ಎಂದಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಯುರೋಪಿನ ಯೋಜನೆಯೊಂದರ ಭಾಗವಾಗಿ ಬೆಂಗಳೂರು, ಮೈಸೂರು ಪ್ರದೇಶದ 11,791 ವಯಸ್ಕರನ್ನು ಆಹಾರದ ಅಲರ್ಜಿಗಾಗಿ ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಥೆ: ಯಾವುದೋ ಒಂದು ಆಹಾರಕ್ಕೆ ಐಜಿಇ ಇದ್ದವರು ಶೇ 26.5, ಆಹಾರದ ಅಲರ್ಜಿ ಇರಬಹುದು ಎನ್ನುವಂಥವರು ಶೇ 1.2. ಈಗ ಊರೂರಲ್ಲಿ ನೂರಾರು ಪದಾರ್ಥಗಳ 'ಅಲರ್ಜಿ ಪ್ಯಾನೆಲ್' ಮಾಡಿಸಿ, ಬದನೆಕಾಯಿ, ಕಡಲೆಬೇಳೆ, ತೊಗರಿಬೇಳೆ ಎಲ್ಲ ಬಿಟ್ಟು ಸೊರಗಿದ ಮಕ್ಕಳನ್ನು ನೋಡುವಾಗ ಈ ಎರಡು ಸಂಖ್ಯೆಗಳನ್ನು ಲ್ಯಾಬಿನ ಬಾಗಿಲಿಗೆ ಬರೆದು ಹಾಕಬೇಕೆನಿಸುತ್ತದೆ.

ಸುಬ್ಬರಾವ್ ಅವರ ಬಳಗ ಮುಂದೆ ಪಾರ್ಥೇನಿಯಂ ಪರಾಗದ ಮುಖ್ಯ ಅಲರ್ಜಿಕಾರಕ ಪ್ರೋಟೀನನ್ನೂ ಬೇರ್ಪಡಿಸಿ 1996ರಲ್ಲಿ ಗುರುತಿಸಿತು. ಅಮೆರಿಕದ ಹೇ ಫೀವರ್‌ಗೆ ಕುಖ್ಯಾತವಾದ ರ್‍ಯಾಗ್‌ವೀಡ್ ಮತ್ತು ನಮ್ಮ ಕಾಂಗ್ರೆಸ್ ಗಿಡದ ಪರಾಗಗಳನ್ನು ಐಜಿಇ ಒಂದನ್ನೊಂದೆಂದು ತಿಳಿದು ಹಿಡಿಯುತ್ತದೆ ಎಂದೂ ತೋರಿಸಿತು. ಈ ಕೆಲಸದಲ್ಲಿದ್ದ ಪಿ. ಶ್ರೀರಾಮರಾವ್ ಆಮೇಲೆ ಅಮೆರಿಕಕ್ಕೆ ಹೋಗಿ ಹಿಡಿದದ್ದು ಎರಡನೆಯ ಅಲೆಯ ಪ್ರಶ್ನೆಯನ್ನು: ರಭಸದಿಂದ ಹರಿಯುವ ರಕ್ತದಲ್ಲಿ ತೇಲಿ ಹೋಗುತ್ತಿರುವ ಇಯೊಸಿನೊಫಿಲ್ ನಿಲ್ಲುವುದು ಹೇಗೆ? 1994ರಲ್ಲಿ ಅವರೂ ಸಹೋದ್ಯೋಗಿಗಳೂ ಜೀವಂತ ಪ್ರಾಣಿಯ ರಕ್ತನಾಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಈ ಕಣಗಳು ಎರಡು ಬಗೆಯ ಅಂಟು ಅಣುಗಳ ಸಹಾಯದಿಂದ ನಾಳದ ಗೋಡೆಗೆ ತಾಗಿ, ಉರುಳುತ್ತ ಉರುಳುತ್ತ ವೇಗ ತಗ್ಗಿಸಿಕೊಳ್ಳುವುದನ್ನು ವರದಿ ಮಾಡಿದರು. ಆಮೇಲೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ, ದೀರ್ಘಕಾಲದ ಉರಿಯೂತದಿಂದ ಶ್ವಾಸನಾಳದ ಗೋಡೆಯೇ ದಪ್ಪವಾಗಿ ರೂಪ ಬದಲಿಸುವುದರಲ್ಲಿ ಗ್ಯಾಲೆಕ್ಟಿನ್-3 ಎಂಬ ಪ್ರೋಟೀನಿನ ಪಾತ್ರವನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಆ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಗೋಡೆ ಅಷ್ಟಾಗಿ ಕೆಡಲಿಲ್ಲ. ನಮ್ಮ ಖಾಲಿ ಸೈಟಿನ ಕಳೆಯಿಂದ ಹೊರಟ ಪ್ರಶ್ನೆ ಹೀಗೆ ಒಳಗೋಡೆಗೆ ಬಂದು ನಿಂತಿತು.

ಪರಾಗದ ಜೊತೆ ಹೊಗೆ

ಹಾಗಾದರೆ ಸಂವೇದಿಯಾದ ನಲವತ್ತರಲ್ಲಿ ಏಳು ಜನಕ್ಕೆ ಮಾತ್ರ ಏಕೆ? ಇದಕ್ಕೆ ಒಂದು ಉತ್ತರ ಬಿ.ಎಚ್. ರಸ್ತೆಯಲ್ಲಿದೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಈ ಹೆದ್ದಾರಿ ಭದ್ರಾವತಿ, ಶಿವಮೊಗ್ಗ ಎರಡರ ಹೊಟ್ಟೆಯನ್ನೂ ಸೀಳಿಕೊಂಡು ಹೋಗುತ್ತದೆ. ಲಾಸ್ ಏಂಜಲೀಸಿನಲ್ಲಿ ಡಯಾಜ್-ಸ್ಯಾಂಚೆಜ್, ಸ್ಯಾಕ್ಸನ್ ಮತ್ತು ಸಂಗಡಿಗರು 1997ರಲ್ಲಿ ರ್‍ಯಾಗ್‌ವೀಡ್ ಅಲರ್ಜಿ ಇದ್ದವರ ಮೂಗಿಗೆ ಒಮ್ಮೆ ಬರೀ ಪರಾಗದ ಸಾರವನ್ನು, ಇನ್ನೊಮ್ಮೆ ಅದರ ಜೊತೆ ಡೀಸೆಲ್ ಹೊಗೆಯ ಕಣಗಳನ್ನು ಹಾಕಿ ನೋಡಿದರು. ಹೊಗೆ ಸೇರಿದಾಗ ಆ ಪರಾಗದ ವಿರುದ್ಧದ ಐಜಿಇ ಹದಿನಾರು ಪಟ್ಟಿನವರೆಗೆ ಏರಿತು. ಕಾಂಗ್ರೆಸ್ ಗಿಡ ರ್‍ಯಾಗ್‌ವೀಡಿನ ನೆಂಟ. ಅದು ಡೀಸೆಲ್ ಲಾರಿಗಳ ಪಕ್ಕದಲ್ಲೇ ಹೂ ಬಿಡುತ್ತದೆ. ಪರಾಗವೋ ಹೊಗೆಯೋ ಎಂಬ ನಮ್ಮ ಜಗಳ ಅಲ್ಲಿಗೆ ಅರ್ಥ ಕಳೆದುಕೊಳ್ಳುತ್ತದೆ.

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಇದನ್ನು ಮಕ್ಕಳಲ್ಲಿ ಎಣಿಸಿದರು. ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳ ಲೆಕ್ಕದಲ್ಲಿ ಅಸ್ತಮಾ 1979ರಲ್ಲಿ ಶೇ 9, 1984ರಲ್ಲಿ 10.5, 1989ರಲ್ಲಿ 18.5, 1994ರಲ್ಲಿ 24.5, 1999ರಲ್ಲಿ 29.5. ಈ ಅಂಕಿಗಳನ್ನು ಪತ್ರಿಕೆಗಳು 'ಬೆಂಗಳೂರಿನ ಮೂರರಲ್ಲೊಂದು ಮಗುವಿಗೆ ಅಸ್ತಮಾ' ಎಂದು ಕೂಗಿ ಹೇಳಿದ್ದುಂಟು. ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಏರಿಕೆಯ ದಿಕ್ಕನ್ನು ನಂಬಬಹುದು, ಪ್ರಮಾಣವನ್ನು ಹಾಗೇ ಎತ್ತಿಕೊಳ್ಳಲಾಗದು. ದೇಶದ 12 ಕೇಂದ್ರಗಳಲ್ಲಿ ನಡೆದು 2012ರಲ್ಲಿ ಹೊರಬಂದ ಮನೆಮನೆ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ ಅಸ್ತಮಾ ಕಂಡದ್ದು ಶೇ 2.05. ಪರಮೇಶ್ ಅವರ ಇನ್ನೊಂದು ಎಣಿಕೆ ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ಕಾಣುತ್ತದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ವಾಹನ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ಶೇ 11.15, ದಟ್ಟಣೆ ಇರುವಲ್ಲಿ 19.34, ದಟ್ಟಣೆಯೂ ಇದ್ದು ಬಡತನವೂ ಇರುವಲ್ಲಿ 31.14. ಹೊಗೆ ಎಲ್ಲರ ಮೂಗಿಗೂ ಹೋಗುತ್ತದೆ, ಬಡವರ ಎದೆಯಲ್ಲಿ ಹೆಚ್ಚು ಉಳಿಯುತ್ತದೆ.

ಕಾರ್ಖಾನೆಯ ಗಾಳಿ ಕೆಲಸ ಮಾಡುವ ರೀತಿ ಇದಕ್ಕಿಂತ ಬೇರೆ. ಕಾಗದದ ತಿರುಳು ಬೇಯಿಸುವಾಗ ಹೊರಡುವ ಗಂಧಕದ ಅನಿಲಗಳಿಗೆ, ಬಿಳುಪು ಮಾಡುವ ಕ್ಲೋರಿನ್‌ಗೆ ಐಜಿಇಯ ಹಂಗಿಲ್ಲ. ನೇರವಾಗಿ ಒಳಗೋಡೆಯನ್ನು ಸುಡುತ್ತವೆ. ಒಂದೇ ಸಲ ದೊಡ್ಡ ಪ್ರಮಾಣದ ಅನಿಲ ಕುಡಿದ ಕಾರ್ಮಿಕರಿಗೆ, ಮೊದಲು ಯಾವ ಅಲರ್ಜಿಯೂ ಇಲ್ಲದವರಿಗೆ, ತಿಂಗಳುಗಟ್ಟಲೆ ಅಸ್ತಮಾದಂಥ ರೋಗ ನಿಲ್ಲಬಹುದೆಂದು ಅಮೆರಿಕದ ಸ್ಟುವರ್ಟ್ ಬ್ರೂಕ್ಸ್ 1985ರಲ್ಲಿ ವಿವರಿಸಿದರು. ಹೀಗೆ ಕೆಟ್ಟ ಗೋಡೆ ಕಾರ್ಖಾನೆ ಮುಚ್ಚಿದ ದಿನವೇ ಸರಿಹೋಗುವುದಿಲ್ಲ. ಈ ಮಾತು ಬಚ್ಚಲ ಹಂಡೆಯ ಒಲೆಗೂ ಸಲ್ಲುತ್ತದೆ. ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮಲೆನಾಡಿನ ಮನೆಗಳಲ್ಲಿ ಸ್ನಾನದ ನೀರು ಇನ್ನೂ ಅಡಿಕೆ ಸಿಪ್ಪೆಯಲ್ಲೇ ಕಾಯುತ್ತದೆ. ಹಸಿ ಸಿಪ್ಪೆಯ ದಟ್ಟ ಹೊಗೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ಊದುವವರು ಸಾಮಾನ್ಯವಾಗಿ ಹೆಂಗಸರು. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಮಹೇಶ್ ಮತ್ತವರ ಬಳಗ ಸೌದೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ಒಂದು ಸೂಚ್ಯಂಕ ಮಾಡಿದರು. ಅದು 60 ಮುಟ್ಟಿದ ಮೇಲೆ ಹೆಂಗಸರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ ಗಣನೀಯವಾಗಿ ಕಾಣಿಸಿಕೊಂಡಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷವಾದರೆ ಅರವತ್ತು. ಮದುವೆಯಾಗಿ ಬಂದ ಹೆಣ್ಣುಮಗಳು ನಲವತ್ತಕ್ಕೆ ಕಾಲಿಡುವ ಹೊತ್ತಿಗೆ ಅಲ್ಲಿಗೆ ಬಂದಿರುತ್ತಾಳೆ.

ಅಕೇಶಿಯಾ ಎಂಬ ಆರೋಪಿ

ಇನ್ನು ಅಕೇಶಿಯಾ. ಕಾಗದನಗರದ ಕಥೆಯಲ್ಲಿ ಇದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಎಂಪಿಎಂಗೆ ಮರ ಬೇಕೆಂದು ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು ಗುತ್ತಿಗೆ ಕೊಟ್ಟು, ಅಲ್ಲಿ ನೀಲಗಿರಿ, ಅಕೇಶಿಯಾ ಬೆಳೆಸಿದರು. 40 ವರ್ಷದ ಗುತ್ತಿಗೆ 2020ರಲ್ಲಿ ಮುಗಿದು ನವೀಕರಣದ ಸುದ್ದಿ ಬಂದಾಗ, ಕಾರ್ಖಾನೆಯೇ ನಿಂತಿರುವಾಗ ಈ ನೆಡುತೋಪು ಯಾರಿಗೆ ಎಂದು ಶಿವಮೊಗ್ಗ ಜಿಲ್ಲೆಯಲ್ಲಿ ದೊಡ್ಡ ಚಳವಳಿ ನಡೆಯಿತು. ಅಕೇಶಿಯಾ ಹಳದಿ ಹೂ ಬಿಟ್ಟಾಗ ಮಕ್ಕಳಿಗೆ ದಮ್ಮು ಬರುತ್ತದೆ ಎನ್ನುವ ಮಾತು ಈಗಲೂ ಮಲೆನಾಡಿನಲ್ಲಿ ಬಲವಾಗಿದೆ.

ವಿಜ್ಞಾನ ಇದಕ್ಕೆ ಅರ್ಧ ಮಾತ್ರ ತಲೆಯಾಡಿಸುತ್ತದೆ. ಅಕೇಶಿಯಾದ ಪರಾಗ ಒಂಟಿ ಕಣವಾಗಿ ಹಾರುವುದಿಲ್ಲ. ಹದಿನಾರು ಕಣಗಳು ಒಂದು ಗಂಟಾಗಿ ಕೂಡಿರುತ್ತವೆ. ಅದನ್ನು ಒಯ್ಯುವುದು ಹೆಚ್ಚಾಗಿ ಜೇನು, ಗಾಳಿಯಲ್ಲ. ಗಂಟು ಭಾರ, ಮರದಿಂದ ಬಹುದೂರ ಹೋಗದು. ಆದರೂ ಮರದಡಿಯೇ ಮನೆ, ಶಾಲೆ, ಬಸ್ ಸ್ಟಾಂಡು ಇದ್ದರೆ ಉಸಿರಿಗೆ ಸಿಗುತ್ತದೆ. ಪಶ್ಚಿಮ ಬಂಗಾಳದ ಸಂಶೋಧಕರು ಈ ಪರಾಗದಲ್ಲಿ ಅಲರ್ಜಿಕಾರಕ ಪ್ರೋಟೀನುಗಳಿರುವುದನ್ನೂ ಕೆಲವು ರೋಗಿಗಳ ಚರ್ಮ ಅದಕ್ಕೆ ಪ್ರತಿಕ್ರಿಯಿಸುವುದನ್ನೂ ತೋರಿಸಿದ್ದಾರೆ. ಹಾಗಾಗಿ ಕೆಲವರಿಗೆ ಅದು ತೊಂದರೆ ಕೊಡುತ್ತದೆ. ಮಲೆನಾಡಿನ ದಮ್ಮಿಗೆಲ್ಲ ಅದೇ ಕಾರಣ ಎನ್ನುವುದಕ್ಕೆ ಮಾತ್ರ ನಾನು ಒಪ್ಪಲಾರೆ. ಅಕೇಶಿಯಾ ಹೂ ಬಿಡುವ ಕಾಲಕ್ಕೇ ಹುಲ್ಲುಗಳೂ ಹೂ ಬಿಡುತ್ತವೆ, ಅವುಗಳ ಪರಾಗ ಕಣ್ಣಿಗೆ ಕಾಣುವುದಿಲ್ಲ; ನಾಲ್ಕು ತಿಂಗಳು ಮಳೆ ಕುಡಿದ ಗೋಡೆಗಳ ಮೇಲೆ ಬೂಷ್ಟು ಏರಿರುತ್ತದೆ; ಹಾಸಿಗೆ ಕಂಬಳಿಗಳಲ್ಲಿ ಧೂಳುನುಸಿ ಮರಿ ಮಾಡಿ ಮುಗಿಸಿರುತ್ತದೆ. ಹಳದಿ ಬಣ್ಣ ಎದ್ದು ಕಾಣುವುದರಿಂದ ದೂರೆಲ್ಲ ಅದರ ಪಾಲಿಗೆ. ಅಕೇಶಿಯಾವನ್ನು ವಿರೋಧಿಸಲು ನೀರು, ಮೇವು, ಕಾಡಿನ ಜೀವವೈವಿಧ್ಯ ಎಂಬ ಗಟ್ಟಿ ಕಾರಣಗಳೇ ಇರುವಾಗ ದಮ್ಮನ್ನು ಸಾಕ್ಷಿಗೆ ಕರೆಯುವ ಅಗತ್ಯವೂ ಇಲ್ಲ.

ಕಣ್ಣಿಗೆ ಕಾಣದ ಹುಲ್ಲಿನ ಪರಾಗ ಏನು ಮಾಡಬಲ್ಲದು ಎನ್ನುವುದನ್ನು ಮೆಲ್ಬರ್ನ್ ನಗರ 2016ರ ನವೆಂಬರ್ 21ರ ಸಂಜೆ ಕಂಡಿತು. ಗುಡುಗು ಮಳೆಯ ಬಿರುಗಾಳಿ ಬೀಸಿ, ತೇವಕ್ಕೆ ಒಡೆದ ರೈಗ್ರಾಸ್ ಪರಾಗ ಪುಡಿಪುಡಿಯಾಗಿ ಊರಿಗೆ ನುಗ್ಗಿತು. ಒಂದು ಪರಾಗ ಒಡೆದರೆ ನೂರಾರು ಅತಿಸಣ್ಣ ಕಣಗಳು; ಮೂಗಿನಲ್ಲಿ ನಿಲ್ಲಬೇಕಾದದ್ದು ನೇರ ಶ್ವಾಸನಾಳದ ಆಳಕ್ಕೆ ಇಳಿಯಿತು. ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಹತ್ತು ಮಂದಿ ತೀರಿಕೊಂಡರು. ಅಂದು ಉಸಿರುಗಟ್ಟಿದ ಎಷ್ಟೋ ಜನಕ್ಕೆ ಅದುವರೆಗೆ ಅಸ್ತಮಾ ಇದೆಯೆಂದೇ ಗೊತ್ತಿರಲಿಲ್ಲ. ಬರೀ ಸೀನು ಎಂದುಕೊಂಡಿದ್ದರು.

ಉರಿಯೂತದ ಕಡೆ ತಿರುಗಿದ್ದು

1985ರಲ್ಲಿ ಫಿನ್ಲೆಂಡಿನ ಲೈಟಿನೆನ್ ಮತ್ತು ಸಂಗಡಿಗರು ಅಸ್ತಮಾ ರೋಗಿಗಳ ಶ್ವಾಸನಾಳದ ಒಳಪದರದ ಚೂರು ತೆಗೆದು ನೋಡಿದರು. ರೋಗ ಸೌಮ್ಯವಾಗಿದ್ದವರಲ್ಲೂ ಪದರ ಅಲ್ಲಲ್ಲಿ ಕಿತ್ತುಹೋಗಿತ್ತು. ದಮ್ಮು ಬಂದಾಗ ಮಾತ್ರ ರೋಗ, ಹೋದಾಗ ಆರೋಗ್ಯ ಎನ್ನುವ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು. ಉರಿಯೂತ ದಿನದಿನವೂ ಒಳಗಿರುತ್ತದೆ, ದಮ್ಮು ಅದರ ತುದಿ. ಒಳಪದರದ ಕೋಶಗಳು ತಾವೇ ಮೊದಲ ಅಪಾಯದ ಕೂಗು ಹಾಕುತ್ತವೆ ಎನ್ನುವುದು ಆಮೇಲೆ ಗೊತ್ತಾಯಿತು. ಟಿಎಸ್‌ಎಲ್‌ಪಿ, ಐಎಲ್-33 ಮುಂತಾದ ಸಂಕೇತಗಳು ಅವುಗಳಿಂದಲೇ ಹೊರಡುತ್ತವೆ. ಹೊಗೆಯಾಗಲಿ, ವೈರಸ್ ಆಗಲಿ, ಪರಾಗವಾಗಲಿ ಈ ಕೂಗನ್ನು ಎಬ್ಬಿಸಬಲ್ಲದು. ಕೂಗು ಕೇಳಿ ಐಎಲ್-5 ಎಂಬ ಇನ್ನೊಂದು ಸಂಕೇತ ಹೊರಟರೆ ಇಯೊಸಿನೊಫಿಲ್‌ಗಳು ಬರುತ್ತವೆ.

ಐಎಲ್-5ನ್ನು ಕಟ್ಟಿಹಾಕುವ ಮೆಪೊಲಿಜುಮ್ಯಾಬ್ ಎಂಬ ಪ್ರತಿಕಾಯದ ಔಷಧಿಯನ್ನು ಮೊದಲು ಪರೀಕ್ಷಿಸಿದಾಗ ಪೂರಾ ನಿರಾಸೆಯಾಯಿತು. 362 ರೋಗಿಗಳ ಮೇಲಿನ ಪರೀಕ್ಷೆಯ ಫಲಿತಾಂಶ 2007ರಲ್ಲಿ ಹೊರಬಂತು: ಇಯೊಸಿನೊಫಿಲ್ ಇಳಿದವು, ರೋಗಿಗಳ ಉಸಿರು ಸುಧಾರಿಸಲಿಲ್ಲ. ಔಷಧಿಯನ್ನು ಕಸದ ಬುಟ್ಟಿಗೆ ಹಾಕುವ ಹೊತ್ತಿಗೆ ಕೆನಡಾದ ಹ್ಯಾಮಿಲ್ಟನ್‌ನ ಪರಮೇಶ್ವರನ್ ನಾಯರ್ ಅವರ ತಂಡ ಮತ್ತು ಇಂಗ್ಲೆಂಡಿನ ಲೆಸ್ಟರ್‌ನ ತಂಡ ಬೇರೆ ಪ್ರಶ್ನೆ ಕೇಳಿದವು. ಎಲ್ಲ ದಮ್ಮಿನ ರೋಗಿಗಳಲ್ಲೂ ಇಯೊಸಿನೊಫಿಲ್ ಇದೆಯೇ? ಕಫವನ್ನು ಪರೀಕ್ಷಿಸಿ, ಅದರಲ್ಲಿ ಆ ಕಣಗಳು ತುಂಬಿದ್ದ ರೋಗಿಗಳನ್ನಷ್ಟೇ ಆರಿಸಿಕೊಂಡರು. ಹ್ಯಾಮಿಲ್ಟನ್‌ನಲ್ಲಿ ಇಪ್ಪತ್ತೇ ಜನ, ಲೆಸ್ಟರ್‌ನಲ್ಲಿ 61. ಈ ಸಲ ದಮ್ಮು ಉಲ್ಬಣಿಸುವುದು ಗಣನೀಯವಾಗಿ ಕಡಿಮೆಯಾಯಿತು. 2009ರ ಆ ಎರಡು ವರದಿಗಳ ನಂತರ ಅಸ್ತಮಾ ಒಂದೇ ರೋಗ ಎಂದು ಹೇಳುವುದು ಕಷ್ಟವಾಯಿತು. ಮೆಪೊಲಿಜುಮ್ಯಾಬ್‌ಗೆ 2015ರಲ್ಲಿ ಅನುಮತಿ ಸಿಕ್ಕಿತು. ಮೊದಲ ಕೂಗನ್ನೇ ತಡೆಯುವ ಟೆಜೆಪೆಲುಮ್ಯಾಬ್ 2021ರ ಡಿಸೆಂಬರಿನಲ್ಲಿ ಬಂತು. ಇವುಗಳ ಬೆಲೆ ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ. ಬೇಕಾಗುವುದು ತೀವ್ರ ಅಸ್ತಮಾದ ಸಣ್ಣ ಗುಂಪಿಗೆ ಮಾತ್ರ. ಉಳಿದವರಿಗೆ ಬೇಕಾದದ್ದು 1972ರಿಂದಲೇ ಅಂಗಡಿಯಲ್ಲಿದೆ.

ಅದು ಸೇದುವ ಸ್ಟಿರಾಯ್ಡ್. ಈ ಹೆಸರು ಕೇಳಿದರೆ ನಮ್ಮವರು ಮಾರು ದೂರ ನಿಲ್ಲುತ್ತಾರೆ. "ಪಂಪು ಹಿಡಿದರೆ ಬಿಡಕ್ಕಾಗಲ್ಲ", "ಅದು ಕೊನೆಗೆ ಕೊಡೋದು", "ಮದುವೆ ಆಗಬೇಕಾದ ಹುಡುಗಿ, ಪಂಪು ಬೇಡ" ಎನ್ನುತ್ತಾರೆ. ಹಾಗೆಂದವರೇ ದಮ್ಮು ಜೋರಾದಾಗ ಪ್ರೆಡ್ನಿಸೊಲೋನ್ ಮಾತ್ರೆಯನ್ನು ಚಕಾರವೆತ್ತದೆ ನುಂಗುತ್ತಾರೆ. ಒಂದು ಸಲದ ಬುಡೆಸೊನೈಡ್ 200 ಮೈಕ್ರೋಗ್ರಾಂ. ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂದರೆ 40,000 ಮೈಕ್ರೋಗ್ರಾಂ. ಎರಡರ ಬಲ ಬೇರೆಬೇರೆ, ಹಾಗೆ ನೇರ ತೂಗಲಾಗದು ನಿಜ. ಆದರೂ ಒಂದು ಶ್ವಾಸನಾಳದ ಗೋಡೆಗೆ ತಾಗುತ್ತದೆ, ಇನ್ನೊಂದು ಇಡೀ ಮೈಯಲ್ಲಿ ಹರಡಿ ಮೂಳೆ, ಸಕ್ಕರೆ, ರಕ್ತದೊತ್ತಡ ಎಲ್ಲವನ್ನೂ ಕೆದಕುತ್ತದೆ. ಸೇದಿದ ಮೇಲೆ ಬಾಯಿ ಮುಕ್ಕಳಿಸಿದರೆ ಪಂಪಿನಿಂದ ಆಗುವ ತೊಂದರೆಯಲ್ಲಿ ದೊಡ್ಡ ಪಾಲು ತಪ್ಪುತ್ತದೆ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ದಮ್ಮಿಗೆಂದು ಜೀವಂತ ಮೀನು ನುಂಗಲು ಸಾಲು ನಿಲ್ಲುವ ಧೈರ್ಯ ಇರುವ ಜನಕ್ಕೆ ಇದೊಂದು ಸೇದುವುದು ಕಷ್ಟವಾಗಬಾರದು.

ನೀಲಿ ಪಂಪಿನ ಸಾಲ್ಬ್ಯುಟಮಾಲ್‌ಗೆ ಯಾರೂ ಹೆದರುವುದಿಲ್ಲ. ಎರಡು ಸಲ ಒತ್ತಿದರೆ ಐದು ನಿಮಿಷಕ್ಕೆ ಎದೆ ಬಿಡುತ್ತದೆ. ಬಿಗಿದ ಸ್ನಾಯು ಸಡಿಲಾಗುತ್ತದೆ, ಗೋಡೆಯ ಉರಿಯೂತ ಇದ್ದಲ್ಲೇ ಇರುತ್ತದೆ. ಒಲೆ ಉರಿಯುತ್ತಿರುವಾಗ ಕಿಟಕಿ ತೆರೆದು ಹೊಗೆ ಹೊರಗೆ ಕಳಿಸಿದ ಹಾಗೆ. ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ 2019ರಲ್ಲಿ ಐವತ್ತು ವರ್ಷದ ರೂಢಿಯನ್ನು ತಿರುಗಿಸಿ, ದೊಡ್ಡವರಿಗೂ ಹದಿಹರೆಯದವರಿಗೂ ನೀಲಿ ಪಂಪು ಒಂದನ್ನೇ ಕೊಡಬೇಡಿ, ರೋಗ ಸೌಮ್ಯವಾಗಿದ್ದರೂ ಸೇದುವ ಸ್ಟಿರಾಯ್ಡ್ ಜೊತೆಗಿರಲಿ ಎಂದಿತು. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13 ಮಂದಿ ಭಾರತದಲ್ಲಿದ್ದಾರೆ, ಅಸ್ತಮಾದಿಂದ ಸಾಯುವವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಇಲ್ಲಿಯವರೇ. ಪರಾಗ, ಹೊಗೆ, ಧೂಳುಗಳ ಲೆಕ್ಕದಿಂದ ಈ ವ್ಯತ್ಯಾಸ ಬರುವುದಿಲ್ಲ. ಕಿಟಕಿ ತೆರೆದೇ ಕೂತವರು ಇಲ್ಲಿ ಹೆಚ್ಚು.

ಫಿನ್ಲೆಂಡ್ ಮತ್ತೊಂದು ಕಾಗದದ ನಾಡು. ಅದರ ಬದುಕೇ ಮರ ಮತ್ತು ತಿರುಳು. ಅಲ್ಲಿ 1994ರಿಂದ 2004ರವರೆಗೆ ಹತ್ತು ವರ್ಷದ ಅಸ್ತಮಾ ಕಾರ್ಯಕ್ರಮ ನಡೆಯಿತು. ಯಾವ ಕಾಗದದ ಕಾರ್ಖಾನೆಯನ್ನೂ ಅದಕ್ಕಾಗಿ ಮುಚ್ಚಲಿಲ್ಲ. ರೋಗವನ್ನು ಬೇಗ ಗುರುತಿಸುವುದು, ಮೊದಲ ದಿನದಿಂದಲೇ ಉರಿಯೂತಕ್ಕೆ ಔಷಧಿ ಕೊಡುವುದು, ಊರೂರಿನ ನರ್ಸುಗಳಿಗೂ ಔಷಧಿ ಅಂಗಡಿಯ ಫಾರ್ಮಾಸಿಸ್ಟುಗಳಿಗೂ ತರಬೇತಿ ಕೊಡುವುದು, ಮಾಡಿದ್ದು ಬಹುಪಾಲು ಇಷ್ಟೇ. ಅಸ್ತಮಾದವರ ಸಂಖ್ಯೆ ಏರುತ್ತಲೇ ಇತ್ತು. ಆದರೆ ಅವರು ಆಸ್ಪತ್ರೆಯಲ್ಲಿ ಕಳೆದ ದಿನಗಳು 1993ರ 1,10,000ದಿಂದ 2003ರ ಹೊತ್ತಿಗೆ 51,000ಕ್ಕೆ ಇಳಿದವು.

ನಮ್ಮಲ್ಲಿ ನರ್ಸ್, ಡಾಕ್ಟರ್ ಇಬ್ಬರಿಗಿಂತ ಮುಂಚೆ ಸಿಗುವುದು ಮೆಡಿಕಲ್ ಶಾಪಿನವರು. "ಅಣ್ಣ, ಮೊನ್ನೆ ಕೊಟ್ಟಿದ್ರಲ್ಲ, ಅದೇ ಪಂಪು" ಎಂದರೆ ನೀಲಿಯದನ್ನು ಕವರಿಗೆ ಹಾಕಿ ಕೊಡುತ್ತಾರೆ, ಚೀಟಿ ಕೇಳುವುದು ಕಡಿಮೆ. ಅದೇ ಕ್ಷಣದಲ್ಲಿ ಅವರು ಒಂದು ಲೆಕ್ಕ ಕೇಳಬಹುದಿತ್ತು: ಈ ವರ್ಷ ಇದು ಎಷ್ಟನೆಯದು? 200 ಸಲ ಒತ್ತಬಹುದಾದ ಡಬ್ಬ ವರ್ಷಕ್ಕೆ ಮೂರು ಖಾಲಿಯಾದರೆ ದಮ್ಮು ಉಲ್ಬಣಿಸುವ ಅಪಾಯ ಹೆಚ್ಚು ಎಂದು ಮಾರ್ಗಸೂಚಿ ಹೇಳುತ್ತದೆ. ಹನ್ನೆರಡು ಮುಟ್ಟಿದರೆ, ಅಂದರೆ ತಿಂಗಳಿಗೊಂದು, ಸಾವಿನ ಅಪಾಯ. ಮೂರನೆಯದನ್ನು ಕೇಳಲು ಬಂದವರಿಗೆ ನೀಲಿ ಪಂಪಿನ ಜೊತೆ "ಒಂದ್ಸಲ ಊದಿಸಿ ನೋಡೋ ಟೆಸ್ಟ್ ಮಾಡಿಸ್ಕೊಂಡು ಬನ್ನಿ" ಎಂಬ ಮಾತನ್ನೂ ಕೊಡಲು ಅಂಗಡಿಯವರಿಗೆ ಹೆಚ್ಚಿನ ಬಂಡವಾಳ ಬೇಕಾಗಿಲ್ಲ.